ಜನವರಿ ಎಂಟರೊಳಗೆ

ನೀಲಾಂಬಿಕ ಇಂಗ್ಲಿಷ್ ಪಾಠ ಮಾಡುತ್ತಿದ್ದುದು ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ, ರೊಟ್ಟಿ ತಟ್ಟುತ್ತಿದ್ದುದು ತಾಳಗುಂದದ ಗಂಡನ ಮನೆಯಲ್ಲಿ. ಐದಕ್ಕೆ ಎದ್ದು ಸಗಣಿ ಬಾಚಿ, ನೀರು ಸೇದಿ, ಇಪ್ಪತ್ತು ರೊಟ್ಟಿ ಮುಗಿಸಿ ಎಂಟೂಕಾಲರ ಬಸ್ಸು ಹಿಡಿಯಬೇಕು. ಸಂಜೆ ಬಂದರೆ ಸೀರೆ ಬದಲಿಸುವ ಮೊದಲೇ ಒಲೆ. ಹನ್ನೊಂದು ವರ್ಷ ಹೀಗೇ ನಡೆಯಿತು. ನಡುನಡುವೆ ಹೊಡೆತ: ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ, ಬಸ್ಸು ತಡವಾದದ್ದಕ್ಕೆ, ಮೆಕ್ಕೆಜೋಳದ ದರ ಇಳಿದದ್ದಕ್ಕೆ. ಒಮ್ಮೆ ಗಂಡ ಸಂಗಮೇಶ ಒದ್ದದ್ದು ಹೊಟ್ಟೆಗೆ ಬಿತ್ತು. ನಾಲ್ಕು ತಿಂಗಳ ಬಸಿರು ಬಚ್ಚಲಲ್ಲಿ ಹೋಯಿತು. ಆ ಬಚ್ಚಲು ತೊಳೆದವಳೂ ಅವಳೇ.

೧೯೯೪ರ ಅಕ್ಟೋಬರಿನಲ್ಲಿ ಪೇಪರಿನ ಜಾಹೀರಾತು ನೋಡಿ ಬೆಂಗಳೂರಿಗೆ ಹೋಗಿ ಸಂದರ್ಶನ ಕೊಟ್ಟು ಬಂದಳು. ಮಾಲ್ಡೀವ್ಸ್ ದೇಶದ ಮಾಲೆ ಊರಿನ ಶಾಲೆಯೊಂದಕ್ಕೆ ಇಂಗ್ಲಿಷ್ ಟೀಚರ್ ಬೇಕಾಗಿತ್ತು, ಅವಳನ್ನೇ ಆರಿಸಿದರು. ಸಂಗಮೇಶನಿಗೆ ಟ್ರ್ಯಾಕ್ಟರ್ ಕೊಳ್ಳುವ ಆಸೆಯಿತ್ತು, ಅದಕ್ಕೇ ಒಪ್ಪಿದ.

ಎಂದಿನಿಂದ ಕೆಲಸ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಶಾಲೆ ಅಂದರೆ ಜೂನ್‌ಗೆ ಶುರುವಾಗುವಂಥದ್ದು, ಅದರಲ್ಲಿ ಕೇಳುವುದೇನಿದೆ! "ಒಕ್ಕಲು ಮುಗಿಸಿ, ಯುಗಾದಿ ಹೋಳಿಗೆ ಮಾಡಿ, ವರ್ಷಕ್ಕಾಗೋಷ್ಟು ಹಪ್ಪಳ ಸಂಡಿಗೆ ಹಾಕಿಟ್ಟು ಹೋಗ್ಲಿ" ಅಂದಳು ಅತ್ತೆ ಹಾಲಮ್ಮ. ಒಪ್ಪಿಗೆ ಪತ್ರಕ್ಕೆ ಸಂಗಮೇಶ ಸಹಿ ಹಾಕಿದ. ಅಲ್ಲಿ ಶಾಲೆ ಶುರುವಾಗುವುದು ಜನವರಿಯಲ್ಲಿ ಎಂದು ನೀಲಾಂಬಿಕ ಬಾಯಿ ಬಿಡಲಿಲ್ಲ. ಪಾಸ್‌ಪೋರ್ಟು, ಟಿಕೆಟ್ಟು ಎರಡನ್ನೂ ಶಾಲೆಯ ಬೀರುವಿನಲ್ಲಿಟ್ಟಳು.

ಡಿಸೆಂಬರ್ ಇಪ್ಪತ್ತಾರಕ್ಕೆ ಟೆಲಿಗ್ರಾಂ ಬಂತು. ಅವಳು ಶಾಲೆಯಲ್ಲಿದ್ದಳು. ಪೋಸ್ಟ್‌ಮನ್ ಉಜ್ಜಪ್ಪ ಜಗಲಿಯ ಮೇಲೆ ಕೂತು ಗಂಡನಿಗೆ ಓದಿ ಹೇಳಿದ: ಜನವರಿ ಎಂಟರೊಳಗೆ ಹಾಜರಾಗದಿದ್ದರೆ ಕೆಲಸ, ಪಟ್ಟಿಯಲ್ಲಿರುವ ಮುಂದಿನವರಿಗೆ.

ಜನವರಿ ನಾಲ್ಕರಿಂದ ಅವರ ಕಣದಲ್ಲಿ ಭತ್ತದ ಒಕ್ಕಲು. ಕೂಲಿ ಆಳಲ್ಲ, ಮುಯ್ಯಾಳು. ಇವರು ಯಾರ ಯಾರ ಕಣದಲ್ಲಿ ದುಡಿದಿದ್ದರೋ ಅವರೆಲ್ಲ ಈಗ ತಿರುಗಿ ಬಂದು ದುಡಿಯಬೇಕು. ಹದಿನೆಂಟು ಜನ, ನಾಲ್ಕು ದಿನ, ಮೂರು ಹೊತ್ತು ಊಟ. ಗಂಡಸರು ದುಡಿದ ದುಡಿಮೆಗೆ ಮುಯ್ಯಿ ತಿರುಗಿ ಬರುತ್ತದೆ. ಒಲೆ ಮುಂದೆ ಬೆಂದವಳಿಗೆ ಯಾರೂ ಬಂದು ಮುಯ್ಯಿ ತೀರಿಸುವುದಿಲ್ಲ.

ಟೆಲಿಗ್ರಾಂ ಬಂದ ಸಂಜೆ ಅವಳು ಹೊಸ್ತಿಲು ದಾಟುವಷ್ಟರಲ್ಲಿ ಸಂಗಮೇಶ ಜಡೆ ಹಿಡಿದ.

"ಯಾವಾಗಿಂದ ಗೊತ್ತಿತ್ತಲೇ?"

"ಅಕ್ಟೋಬರಿಂದ."

ಕೆನ್ನೆಗೆ ಬಿದ್ದ ಏಟಿಗೆ ತುಟಿ ಒಡೆಯಿತು. ಅವಳ ಪೆಟ್ಟಿಗೆ ಕಿತ್ತು ಸೀರೆಗಳನ್ನೆಲ್ಲ ಅಂಗಳಕ್ಕೆಸೆದು ಪಾಸ್‌ಪೋರ್ಟು ಹುಡುಕಿದ. ಸಿಗದೆ ಒಲೆಯ ಪಕ್ಕದ ಸೌದೆ ಎತ್ತಿಕೊಂಡ. ತಲೆಗೆ ಬೀಳಬೇಕಾದ ಏಟಿಗೆ ಅವಳು ಬಲಗೈ ಅಡ್ಡ ಹಿಡಿದಳು. ಮಣಿಕಟ್ಟು ಮುರಿದ ಸದ್ದು ಹಿತ್ತಲಲ್ಲಿದ್ದ ಹಾಲಮ್ಮನಿಗೂ ಕೇಳಿಸಿತು.

"ಈಗ ಬರಿ ಹೋಗು ಇಂಗ್ಲೀಷು" ಅಂದ ಅವನು.

ಸೊರಬದಿಂದ ಅವಳ ಅಣ್ಣ ಜಯಪ್ಪ ಬಂದು ಅಲ್ಲಿನ ಆಸ್ಪತ್ರೆಗೆ ಕರೆದೊಯ್ದು ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿದ. ಮೂರನೇ ದಿನ ತಾನೇ ಗಂಡನ ಮನೆಗೆ ವಾಪಸು ಬಿಟ್ಟುಬರಲು ಹೊರಟ.

"ಒಕ್ಕಲು ಹೊತ್ತಲ್ಲಿ ಮನೆ ಬಿಟ್ರೆ ಜನ ಉಗೀತಾರೆ ತಂಗಿ. ಜೂನಲ್ಲಿ ಬರ್ತಾಳೆ ಅಂತ ನಾನೇ ಅವರಿಗೊಂದು ಕಾಗದ ಬರೀತೀನಿ."

"ಜೂನಲ್ಲಿ ಆ ಕುರ್ಚಿ ಮೇಲೆ ಇನ್ಯಾರೋ ಇರ್ತಾರೆ ಅಣ್ಣ."

"ಕೈ ಮುರ್ಕೊಂಡು ಏನ್ ಪಾಠ ಮಾಡ್ತೀಯ?"

"ಪಾಠ ಬಾಯಲ್ಲಿ ಮಾಡ್ತೀನಿ. ರೊಟ್ಟಿ ಮಾತ್ರ ಬಾಯಲ್ಲಿ ತಟ್ಟಕ್ಕಾಗಲ್ಲ."

ಜಯಪ್ಪ ತಾಳಗುಂದದ ಬಸ್ಸು ಹತ್ತಿಸಿದ.

ಗಂಡನ ಮನೆಯಲ್ಲಿ ಅದು ಅರ್ಥವಾದದ್ದು ಒಕ್ಕಲಿನ ದಿನವೇ. ಹೆಂಡತಿಯನ್ನು ಒಲೆಗೆ ಕಟ್ಟಿಹಾಕಬೇಕೆಂದು ಸಂಗಮೇಶ ಮುರಿದದ್ದು ರೊಟ್ಟಿ ತಟ್ಟುವ ಕೈಯನ್ನೇ. ಅವಳು ಎಡಗೈಯಲ್ಲಿ ಕಸ ಗುಡಿಸಿದಳು, ಸೊಂಟದ ಮೇಲೆ ಕೊಡ ಹೊತ್ತಳು. ಹದಿನೆಂಟು ಜನರ ರೊಟ್ಟಿ ಅರವತ್ತೆರಡರ ಹಾಲಮ್ಮನ ಪಾಲಿಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಮುದುಕಿಯ ಬೆರಳೆಲ್ಲ ಬೊಬ್ಬೆ.

"ಏನವ್ವಾ ಹಾಲಮ್ಮ, ಇದೇನು ರೊಟ್ಟಿನೋ ಎಕ್ಕಡನೋ?" ಅಂದ ಮುಯ್ಯಾಳು ರಂಗಪ್ಪ.

"ಹಲ್ಲು ಐತಲ್ಲ, ಕಡಿಯೋ."

ಕೂತವರೆಲ್ಲ ನಕ್ಕರು. ಸಂಗಮೇಶನಿಗೆ ಅವಮಾನವಾಯಿತು. ಮುಂದಿದ್ದ ಹಿತ್ತಾಳೆ ತಟ್ಟೆಯನ್ನು ತಾಯಿಯತ್ತ ಬೀಸಿ ಎಸೆದ. ಅಂಚು ಹಣೆಗೆ ಬಡಿದು ರಕ್ತ ಹುಬ್ಬಿಗಿಳಿಯಿತು. ಹಾಲಮ್ಮ ಹಿಟ್ಟಿನ ಕೈಯಲ್ಲೇ ಒರೆಸಿಕೊಂಡು ಮುಂದಿನ ರೊಟ್ಟಿ ಹಂಚಿಗೆ ಹಾಕಿದಳು. ಊಟಕ್ಕೆ ಕೂತವರು ತಲೆ ತಗ್ಗಿಸಿ ಉಂಡರು.

ಮರುದಿನ ಬೆಳಿಗ್ಗೆ ಗಂಡಸರು ಕಣಕ್ಕೆ ಹೋದ ಮೇಲೆ ಹಾಲಮ್ಮ ಸೊಸೆಯ ಚೀಲ ತಂದು ಎದುರಿಗೆ ಕುಕ್ಕಿದಳು.

"ಹೋಗು. ನಿನ್ನ ಕೂಳೂ ನಾನೇ ಬೇಯಿಸೋದು, ನಿನ್ನ ಪಾಲಿನ ಏಟೂ ನಾನೇ ತಿನ್ನೋದಾ? ಎಂಟೂಕಾಲರ ಬಸ್ಸೈತೆ."

"ನೀವು, ಅತ್ತೆ?"

"ನಾನೆಲ್ಲಿಗೆ ಹೋಗ್ಲೇ? ನಂಗೆ ಇಂಗ್ಲೀಷು ಬರುತ್ತಾ?"

ಬಸ್ಸು ನಿಂತು ಅವಳು ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಸಂಗಮೇಶ ತಲೆಯೆಲ್ಲ ಹುಲ್ಲಾಗಿ ಓಡಿ ಬಂದ. ಕಣದ ಪಕ್ಕದಲ್ಲೇ ರಸ್ತೆ. ಯಾರೋ ನೋಡಿ ಹೇಳಿರಬೇಕು. ಜಡೆ ಎಳೆದ. ಅವಳ ತಲೆ ಮೆಟ್ಟಿಲಿಗೆ ಬಡಿಯಿತು. ಬೆನ್ನಿಗೆ ಒದ್ದ. ಬಸ್ಸಿನೊಳಗಿದ್ದವರು ಕಿಟಕಿಯಲ್ಲಿ ನೋಡುತ್ತ ಕೂತಿದ್ದರು. ಇನ್ನೊಮ್ಮೆ ಒದೆಯಲು ಬಾಗಿದವನ ಮುಖಕ್ಕೆ ಅವಳು ಪ್ಲಾಸ್ಟರ್ ಹಾಕಿದ ಕೈ ಬೀಸಿದಳು. ಮೂಗಿನ ಮೂಳೆ ಮುರಿಯಿತು. ಜಡೆ ಬಿಟ್ಟ. ಮತ್ತೊಮ್ಮೆ ಬೀಸಿದಳು. ಅವನು ಮೊಣಕಾಲೂರಿ ಕೂತು ರಕ್ತ ಉಗುಳಿದ. ಅವಳ ಕೈಯ ನೋವು ಹೆಗಲಿನವರೆಗೆ ಹತ್ತಿ ಕಣ್ಣು ಕತ್ತಲಾಯಿತು.

"ಗಂಡನಿಗೇ ಕೈ ಮಾಡ್ತಾಳಲ್ರೀ!" ಅಷ್ಟು ಹೊತ್ತು ಸುಮ್ಮನಿದ್ದ ಒಬ್ಬ ಬಸ್ಸಿನೊಳಗಿಂದ ಅಂದ.

"ಹತ್ರಿ ಟೀಚರ್, ಬೇಗ ಹತ್ರಿ" ಎಂದು ಕಂಡಕ್ಟರ್ ಎಳೆದುಕೊಂಡು ಸೀಟಿ ಊದಿದ.

ಶಿಕಾರಿಪುರದಲ್ಲಿ ಇಳಿದು ಶಾಲೆಯ ಬೀರುವಿನಿಂದ ಪಾಸ್‌ಪೋರ್ಟು, ಟಿಕೆಟ್ಟು ತೆಗೆದುಕೊಂಡಳು. ಶಿವಮೊಗ್ಗ, ಬೆಂಗಳೂರು, ತಿರುವನಂತಪುರ. ಏಳನೇ ತಾರೀಖಿನ ವಿಮಾನ.

ಎಂಟರ ಬೆಳಿಗ್ಗೆ ಮಾಲೆಯ ಶಾಲೆಯಲ್ಲಿ ಹೆಡ್ ಮಿಸ್ಟ್ರೆಸ್ ಅವಳ ಬಾತ ಹಣೆಯನ್ನೂ, ಕಂದು ಕಲೆಯ ಪ್ಲಾಸ್ಟರನ್ನೂ ನೋಡಿ ಏನಾಯಿತು ಎಂದರು. ಶಿಕಾರಿಪುರದ ಸ್ಟಾಫ್ ರೂಮಿನಲ್ಲಿ ಹನ್ನೊಂದು ವರ್ಷ ಅವಳು ಬಚ್ಚಲಲ್ಲಿ ಜಾರಿಬಿದ್ದೆ ಎನ್ನುತ್ತಲೇ ಬಂದಿದ್ದಳು.

"ನನ್ನ ಗಂಡ ಮುರಿದ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಮೊದಲ ಪೀರಿಯಡ್ ಯಾವ ಕ್ಲಾಸಿಗೆ ಹೋಗಲಿ?"