ಎಣ್ಣಿ ಅಂಗಡಿಯ ಕಾಕಾ ಅಂಜಿದ ವರ್ಷ

ಕಳೆದ ತಿಂಗಳು ರಾಮದುರ್ಗದಿಂದ ಸವದತ್ತಿಗೆ ಬರುತ್ತಿದ್ದೆ. ಬಸ್ಸಿನಲ್ಲಿ ಪಕ್ಕ ಕುಳಿತ ಹೆಣ್ಣುಮಗಳ ಚೀಲದಿಂದ ಬೆಳೆಗೆ ಹೊಡೆಯುವ ಔಷಧದ ವಾಸನೆ ಬಂತು. ನಮ್ಮ ಕಡೆ ಅದಕ್ಕೆ ಎಣ್ಣಿ ಎನ್ನುತ್ತಾರೆ. ಬಾಟಲಿಯ ಮುಚ್ಚಳ ಸಡಿಲವಾಗಿತ್ತೇನೋ. ಕಿಟಕಿ ತೆರೆದರೂ ಗಂಟಲು ಉರಿಯಿತು. ಇದೇ ವಾಸನೆಯ ಅಂಗಿ ತೊಟ್ಟು ದಿನಾ ಸಂಜೆ ನಮ್ಮ ಕಟ್ಟೆಗೆ ಚಹಾ ಕುಡಿಯಲು ಬರುತ್ತಿದ್ದವರೊಬ್ಬರು ನೆನಪಾದರು...

ಸವದತ್ತಿಯಲ್ಲಿ ಅವರದು ಎಣ್ಣಿ ಅಂಗಡಿ. ಮನೆ ಸಿರಸಂಗಿಯಲ್ಲಿ, ನಮ್ಮ ಮನೆಗೆ ಹತ್ತಿಕೊಂಡೇ ಇತ್ತು. ಹೊಲವೂ ನಮ್ಮ ಹೊಲದ ಪಕ್ಕದ್ದೇ, ನಡುವೆ ಒಂದು ಬದು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ರೈತರು ರೋಗ ಬಿದ್ದ ಎಲೆ ತಂದರೆ ಕನ್ನಡಕ ಹಣೆಗೇರಿಸಿ, ಎಲೆಯನ್ನು ಮಗುಚಿ ನೋಡಿ, ಯಾವ ಎಣ್ಣಿ ಎಷ್ಟು ಹೊಡೆಯಬೇಕೆಂದು ಹೇಳುತ್ತಿದ್ದರು. ಅವರ ಮಾತು ಸುಳ್ಳಾದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ನಾನು ಕಾಲೇಜು ಓದುತ್ತಿದ್ದ ಒಂದು ವರ್ಷ ಎರಡೂ ಹೊಲಗಳಲ್ಲಿ ಸೂರ್ಯಕಾಂತಿ ಇತ್ತು. ಹೂ ಬಿಟ್ಟ ಹೊತ್ತಿಗೇ ಹುಳ ಬಿತ್ತು. ಕಾಕಾ ಹೊಸದಾಗಿ ಬಂದ ಎಣ್ಣಿ ತಂದು ಮುಂಜಾನೆ ಎರಡೂ ಹೊಲಕ್ಕೆ ಹೊಡೆಸಿದರು. ಮರುದಿನ ಅಪ್ಪನಿಗೆ ಬುತ್ತಿ ಒಯ್ದಾಗ ಬದುವಿನ ಬೇವಿನ ಮರದ ಕೆಳಗೆ ನೆಲ ಕರ್ರಗೆ ಕಂಡಿತು. ಹತ್ತಿರ ಹೋಗಿ ನೋಡಿದರೆ ಸತ್ತುಬಿದ್ದ ಹೆಜ್ಜೇನು. ಕೆಲವು ಇನ್ನೂ ಬೆನ್ನ ಮೇಲೆ ಬಿದ್ದು ಗಿರ್ರನೆ ತಿರುಗುತ್ತಿದ್ದವು. ಮೇಲೆ ಟೊಂಗೆಯಲ್ಲಿ ಜೇನಿನ ಹುಟ್ಟು ಬರಿದಾಗಿ ಜೋತುಬಿದ್ದಿತ್ತು. ಕಾಲಿಡಲು ಜಾಗವಿರಲಿಲ್ಲ.

ಕಾಕಾ ಬಂದು ನೋಡಿದರು. ಹೊಲದ ನಡುವೆ ಹೋಗಿ ನಿಂತು ನನ್ನನ್ನು ಕರೆದರು.

“ತಂಗಿ, ಏನರ ಸಪ್ಪಳ ಕೇಳಸ್ತೈತೇನು?”

“ಇಲ್ಲ ಕಾಕಾ.”

“ಅದಕಽ ನನಗ ಅಂಜಿಕಿ ಆಗೇತಿ.”

ಸುತ್ತ ಎದೆಮಟ್ಟ ಅರಳಿದ ಹೂಗಳು. ಒಂದರ ಮೇಲೂ ಒಂದು ಜೇನು, ಒಂದು ದುಂಬಿ ಕೂತಿರಲಿಲ್ಲ. ನಡುಮಧ್ಯಾಹ್ನ, ನಮ್ಮದೇ ಹೊಲದಲ್ಲಿ, ನಾನು ಕಾಕಾನ ಹತ್ತಿರ ಸರಿದು ನಿಂತೆ...

ಕೊಯ್ಯುವಾಗ ತೆನೆ ತುಂಬ ಜೊಳ್ಳು. ಕಾಕಾ ಒಂದೊಂದೇ ಕಾಳನ್ನು ಉಗುರಿನಿಂದ ಒತ್ತಿ ನೋಡಿದರು. ಬರೀ ಸಿಪ್ಪೆ. ಅಪ್ಪ ತೆನೆಯೊಂದನ್ನು ಅವರ ಕಾಲ ಬಳಿ ಎಸೆದು, “ನೀ ಹೇಳಿದಂಗಽ ಮಾಡಿದ್ನಲ್ಲೋ!” ಎಂದು ಹೊರಟುಹೋದರು. ಅಂದಿನಿಂದ ಇಬ್ಬರ ಮಾತು ನಿಂತಿತು. ಸಂಜೆಯ ಚಹಾ ಕೂಡ.

ಮುಂದಿನ ವರ್ಷ ಮತ್ತೆ ಸೂರ್ಯಕಾಂತಿ ಹೂ ಬಿಟ್ಟಾಗ ಕಾಕಾ ಮೆತ್ತನೆಯ ಅರಿವೆಯನ್ನು ಕೈಗೆ ಸುತ್ತಿಕೊಂಡು, ಹೂವಿನಿಂದ ಹೂವಿಗೆ ಉಜ್ಜುತ್ತ ಹೊಲವೆಲ್ಲ ತಿರುಗಿದರು. ಪರಾಗ ಮುಟ್ಟಿಸಿ ಕಾಳು ಕಟ್ಟಿಸುವುದು ಜೇನು ಮಾಡಬೇಕಾದ ಕೆಲಸ. ಅಪ್ಪನಿಗೆ ಹೇಳದೆ ಒಂದು ಮುಂಜಾನೆ ನಾನೂ ಕೈಜೋಡಿಸಿದೆ. ಎರಡು ಸಾಲು ಮುಗಿಸುವಷ್ಟರಲ್ಲಿ ತೋಳು ಸೋತವು.

“ಒಂದ ಹೊಲಕ್ಕ ಇಷ್ಟ ತ್ರಾಸ ಐತಿ,” ಎಂದರು ಕಾಕಾ. “ಊರ ಹೊಲಾ ಎಲ್ಲಾ ಹಿಂಗಾದ್ರ ಯಾರ ಉಜ್ಜವ್ರ ತಂಗಿ?”

ಆಮೇಲೆ ಅಂಗಡಿಗೆ ಬಂದವರಿಗೆಲ್ಲ ಒಂದೇ ಮಾತು. “ಹೂ ಇದ್ದಾಗ ಹೊಡೀಬ್ಯಾಡ್ರಿ. ಹೊಡಿಯೂದಽ ಆದ್ರ ಹೊತ್ತ ಮುಳುಗುವಾಗ, ಜೇನ ಗೂಡ ಸೇರಿದ ಮ್ಯಾಲ ಹೊಡೀರಿ. ಬದುವಿನ ಕಸಾ ಕೀಳಬ್ಯಾಡ್ರಿ.” ಜನ ನಕ್ಕರು. ಎಣ್ಣಿ ಮಾರುವವನೇ ಎಣ್ಣಿ ಬೇಡ ಅನ್ನುತ್ತಾನೆ ಎಂದು ಬೇರೆ ಅಂಗಡಿ ಹಿಡಿದರು. ಜೇನಿಗೆ ಹೂ ಸಿಗಲೆಂದು ಕಾಕಾ ತಮ್ಮ ಪಾಲಿನ ಬದುವಿಗೆ ಗುರೆಳ್ಳು ಚೆಲ್ಲಿದರು; ತುಂಬೆ, ಮುಳ್ಳುಕಂಟಿ ಏನು ಹುಟ್ಟಿದರೂ ಹಾಗೇ ಬಿಟ್ಟರು. ಒಂದು ದಿನ ನೋಡುತ್ತೇನೆ, ಅಪ್ಪನೂ ಉಳುವಾಗ ರಂಟೆಯನ್ನು ಬದುವಿನಿಂದ ಎರಡು ಮೊಳ ಈಚೆಗೇ ತಿರುಗಿಸುತ್ತಿದ್ದರು! ಯಾರಿಗೂ ಹೇಳಿರಲಿಲ್ಲ. ಕಾಕಾ ಅದನ್ನು ಕಂಡಿರಬೇಕು. ಆ ಸಂಜೆ ಕಟ್ಟೆಗೆ ಬಂದು ಕುಳಿತರು. ಅವ್ವ ಯಾರನ್ನೂ ಕೇಳದೆ ಚಹಾಕ್ಕಿಟ್ಟಳು.

ಮೂರನೆಯ ವರ್ಷ ಬದುವಿನ ಕಂಟಿಯಲ್ಲಿ ಸಣ್ಣ ಜಾತಿಯ ಕೋಲುಜೇನು ಅಂಗೈಯಷ್ಟು ಹುಟ್ಟು ಕಟ್ಟಿತು. ಕಾಕಾ ಅದರ ಎದುರು ಕುಕ್ಕರುಗಾಲಲ್ಲಿ ಕುಳಿತೇ ಬಿಟ್ಟಿದ್ದರು. “ಅಂಜಿಕಿ ಹೋತಲ್ಲ ಕಾಕಾ?” ಎಂದೆ.

“ಇಲ್ಲವ್ವಾ. ಬಂದದ್ದ ಮತ್ತ ಹೋಗಬಹುದಲ್ಲ.”

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಅಪ್ಪನೂ ಇಲ್ಲ. ಬೇವಿನ ಮರಕ್ಕೆ ಹೆಜ್ಜೇನು ಮತ್ತೆ ಬರಲೇ ಇಲ್ಲ... ನಾನೀಗ ಬೈಲಹೊಂಗಲದಿಂದ ಹೋಗಿಬಂದು ನಮ್ಮ ಹೊಲ ನೋಡಿಕೊಳ್ಳುತ್ತೇನೆ. ಮೊನ್ನೆ ಹೋದಾಗ, ಕಾಕಾನ ಹೊಲ ಕೊಂಡವರು ಬದುವಿನ ಬಳಿ ಟ್ರ್ಯಾಕ್ಟರ್ ತಂದು ನಿಂತಿದ್ದರು.

“ಇದನ್ನ ತಗದ್ರ ಎರಡ ಸಾಲ ಹೆಚ್ಚಿಗಿ ಬರತಾವ್ರಿ ಅಕ್ಕಾರ.”

ಜೊಳ್ಳು ಬಂದ ವರ್ಷದ ಕಥೆಯನ್ನೆಲ್ಲ ಅವರಿಗೆ ಹೇಳಿದೆ. ಕಂಟಿ ಸರಿಸಿ ಜೇನಿನ ಹುಟ್ಟು ತೋರಿಸಿದೆ. ಅವರು ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಹೋಗಿ ಇಂಜಿನ್ ಬಂದ್ ಮಾಡಿದರು.

“ಈ ವರ್ಷ ಇರಲಿ ಬಿಡ್ರಿ.”

ಮುಂದಿನ ವರ್ಷದ ಮಾತನ್ನು ಅವರು ಆಡಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.