ಗುರುವಾರದ ತಿಥಿ

ಪೋರ್ಟ್‌ಲ್ಯಾಂಡಿನ ಡ್ವೈಟ್ ಹಾಲ್ವರ್ಸನ್ ಪ್ರತಿ ಗುರುವಾರ ತನ್ನ ಗ್ಯಾರೇಜಿನಲ್ಲಿ ಮೈಕಿನ ಮುಂದೆ ಕುಳಿತು, ತನ್ನ ಪಾಡ್‌ಕಾಸ್ಟಿನಲ್ಲಿ ಪ್ರಜಾಪ್ರಭುತ್ವದ ತಿಥಿ ಮಾಡುತ್ತಾನೆ. "ಗೆಳೆಯರೇ, ಇವತ್ತಿಗೆ ಅಮೆರಿಕದ ಕತೆ ಮುಗೀತು!" ಎಂದು ಗುಡುಗಿ, ಅದೇ ಉಸಿರಿನಲ್ಲಿ ಹಾಸಿಗೆ ಕಂಪನಿಯ ಜಾಹೀರಾತು ಓದುತ್ತಾನೆ, ದೇಶ ಮುಳುಗಿದರೂ ಜನಕ್ಕೆ ನಿದ್ದೆ ಬೇಕಲ್ಲ! ಅವನ ಅಂಗಳದಲ್ಲಿ ನೆಟ್ಟ ಘೋಷಣೆ ಫಲಕಗಳ ನಡುವೆ ಹುಲ್ಲಿಗೂ ಜಾಗವಿಲ್ಲ. "ಎದುರು ಪಕ್ಷಕ್ಕೆ ವೋಟ್ ಹಾಕೋರ ಜೊತೆ ನಂಗೆ ಮಾತೇ ಇಲ್ಲ" ಎಂದರೆ, ಹೆಂಡತಿ ಮಾರ್ನಿ, "ನನ್ ಜೊತೆಗಾದ್ರೂ ಎಲ್ಲಿ ಮಾತಾಡ್ತೀಯ? ಭಾಷಣ ಬಿಗೀತೀಯ" ಎನ್ನುತ್ತಾಳೆ. ಅವನ ಪ್ರತಿ ಸಂಚಿಕೆಯ ಕೆಳಗೂ ಕಾಮೆಂಟಿನಲ್ಲಿ ಮೊದಲ ಬೈಗುಳ ಐಡಾಹೊದಲ್ಲಿರುವ, ಆ ಎದುರು ಪಕ್ಷದವನೇ ಆದ ಅಣ್ಣ ಲೈಲ್‌ನದು: "ಬಾಯ್ ಮುಚ್ಚೋ, ಕತ್ತೆ!" ಮೊನ್ನೆ ಗುರುವಾರ ಅದು ಬರಲಿಲ್ಲ. ಶುಕ್ರವಾರವೂ ಇಲ್ಲ. ಊರಿಗೆಲ್ಲ ಹಾಸಿಗೆ ಮಾರುವವನಿಗೆ ನಿದ್ದೆ ಹತ್ತಲಿಲ್ಲ. ಶನಿವಾರ ಬೆಳಿಗ್ಗೆ, ಎಷ್ಟೋ ವರ್ಷಗಳ ಮೇಲೆ ಫೋನು ಮಾಡಿದ: "ಯಾಕಣ್ಣ, ಈ ವಾರ ಬೈಲೇ ಇಲ್ಲ? ಹುಷಾರಾಗಿದ್ದೀಯ ತಾನೆ?"