ದಾರ ಕಟ್ಟಿದ ಹೂಕೋಸು

ನನ್ನ ಓರಗಿತ್ತಿಯನ್ನು ಮಾರುಕಟ್ಟೆಯಲ್ಲಿ ಎಲ್ಲರೂ ದಾರದಕ್ಕ ಎಂದೇ ಕರೆಯುತ್ತಾರೆ. ನನಗೆ ಅವಳು ಬರೀ ಅಕ್ಕ. ಹೂಕೋಸು ಬೆಳೆಯುವುದರಲ್ಲಿ ಎತ್ತಿದ ಕೈ, ಕೋಪ ಮೂಗಿನ ತುದಿಯಲ್ಲೇ. ಗಿಡದೊಳಗೆ ಹೂವು ಮುಷ್ಟಿಯಷ್ಟಾಗುತ್ತಿದ್ದಂತೆ ಸುತ್ತಲಿನ ಎಲೆಗಳನ್ನು ಮೇಲಕ್ಕೆತ್ತಿ, ಹೂವಿನ ಮೇಲೆ ಮುಚ್ಚಿ, ದಾರ ಕಟ್ಟುತ್ತಾಳೆ. ಬಿಸಿಲು ಬಿದ್ದರೆ ಹೂವು ಹಳದಿಯಾಗುತ್ತದೆ, ಬೀಳದಿದ್ದರೆ ಬೆಳ್ಳಗೆ ಉಳಿಯುತ್ತದೆ. ಮೊದಲು ಕಟ್ಟಿದ್ದಕ್ಕೆ ಕೆಂಪು ದಾರ, ಆಮೇಲಿನದಕ್ಕೆ ನೀಲಿ. ಯಾವುದನ್ನು ಮೊದಲು ಕೊಯ್ಯಬೇಕೆಂದು ಅದರಿಂದಲೇ ಗೊತ್ತಾಗುತ್ತದೆ. ದಾರವೆಲ್ಲ ಎದುರುಮನೆ ದರ್ಜಿ ಗುಡಿಸಿ ಎಸೆಯುವ ಚೂರು. ಹೊಲ ನೋಡಿದರೆ ಜುಟ್ಟು ಕಟ್ಟಿಸಿಕೊಂಡ ಮಕ್ಕಳು ಸಾಲಾಗಿ ಕೂತ ಹಾಗಿರುತ್ತದೆ.

ಮೊದಲೆಲ್ಲ ಕೊಯ್ದ ಮೇಲೆ ದಾರ ಬಿಚ್ಚಿ, ಎಲೆ ಸವರಿ, ಬಿಳೀ ಹೂವನ್ನಷ್ಟೇ ಬುಟ್ಟಿಯಲ್ಲಿ ಜೋಡಿಸುತ್ತಿದ್ದಳು. ಆ ಬಿಳುಪೇ ಅವಳ ಹೆಮ್ಮೆ.

ಒಂದು ಸಂಜೆ ಟಿವಿಯಲ್ಲಿ ಒಬ್ಬ ಗಂಟಲು ಹರಿದುಕೊಳ್ಳುತ್ತಿದ್ದ. ಎಲ್ಲೋ ಯಾರೋ ವ್ಯಾಪಾರಿ ಹಳೇ ಹೂಕೋಸನ್ನು ಬ್ಲೀಚಿಂಗ್ ಪುಡಿಯ ನೀರಲ್ಲಿ ಅದ್ದಿ ಮಾರುತ್ತಾ ಸಿಕ್ಕಿಬಿದ್ದಿದ್ದನಂತೆ. 'ನಿಮ್ಮ ಮನೆಯ ಹೂಕೋಸು ಬೆಳ್ಳಗಿದೆಯೇ? ಎಚ್ಚರ!' ಕೆಂಪು ಅಕ್ಷರ, ಢಂ ಢಂ ಸದ್ದು. ಸಿಕ್ಕಿಬಿದ್ದವನು ಒಬ್ಬ, ಮರುದಿನವೂ ಅದನ್ನೇ ತಿರುಗಿಸಿ ಮುರುಗಿಸಿ ತೋರಿಸಿದರು.

ಮಾರುಕಟ್ಟೆಯಲ್ಲಿ ಅಕ್ಕನ ಬುಟ್ಟಿಯ ಹತ್ತಿರ ಯಾರೂ ಸುಳಿಯಲಿಲ್ಲ. ವರ್ಷಗಳಿಂದ ಕೊಳ್ಳುತ್ತಿದ್ದ ನಿವೃತ್ತ ಟೀಚರಮ್ಮ ಒಂದನ್ನು ಎತ್ತಿ ಮೂಸಿ, ಮುಖ ಸಿಂಡರಿಸಿ, ವಾಪಸ್ ಇಟ್ಟರು. ಆಚೆ ಮೂಲೆಯಲ್ಲಿ ಒಬ್ಬನ ಹಳದಿ ಹೂಕೋಸು, ನಮ್ಮ ದನಕ್ಕೂ ಹಾಕದಂಥದ್ದು, ನೋಡನೋಡುತ್ತ ಖಾಲಿಯಾಯಿತು. ಪಕ್ಕದಲ್ಲಿ ತನ್ನ ತೋಟದ ಹಣ್ಣು ಮಾರುವ ತಾತ ಮಾತ್ರ ಎದ್ದು ಬಂದು ಒಂದನ್ನು ಚೀಲಕ್ಕೆ ಹಾಕಿಕೊಂಡ, ಏನೂ ಕೇಳಲಿಲ್ಲ.

ಮನೆಯಲ್ಲಿ ಭಾವ, ಅಂದರೆ ಅಕ್ಕನ ಗಂಡ, ಹೇಳಿದರು: "ಜನಕ್ಕೆ ಹಳದಿನೇ ಬೇಕಂತೆ. ಬಿಚ್ಚಿ ಹಾಕು, ಬಿಸಿಲು ಬೀಳ್ಲಿ."

ಹೂಕೋಸು ಯಾರಿಗೂ ಕಾಯುವುದಿಲ್ಲ. ಬಲಿತರೆ ಹೂವು ಬಿರಿದು ಬಿಡಿಬಿಡಿಯಾಗುತ್ತದೆ, ಆಮೇಲೆ ಇಡೀ ಬೆಳೆ ದನದ ಪಾಲು. ಅಕ್ಕ ಸಿಟ್ಟಿನಲ್ಲಿ ಹೋಗಿ ಒಂದು ಸಾಲು ಬಿಚ್ಚಿದಳು. ಬಯಲಾದ ಬಿಳೀ ಹೂವಿನ ಮೇಲೆ ಕೈಯಾಡಿಸಿದಳು. ಮತ್ತೆ ಕಟ್ಟತೊಡಗಿದಳು.

"ಇದೆಂಥ ಹಟ ಅಕ್ಕ?" ಎಂದೆ.

"ಬೇಕಂತ ಕೆಡಿಸೋದು ನನ್ ಕೈಲಾಗಲ್ಲ ಕಣೇ. ನೀನು ನಿನ್ ಕರು ನೋಡ್ಕೋ ಹೋಗು."

ಕರುವಿನ ಮಾತು ಸುಮ್ಮನೆ ಬಂದದ್ದಲ್ಲ. ಕೆಲವು ದಿನಗಳ ಹಿಂದೆ ನನ್ನ ಕರು ಹಗ್ಗ ಬಿಚ್ಚಿಕೊಂಡು ಹೊಲಕ್ಕೆ ನುಗ್ಗಿ, ಕಟ್ಟಿದ ಎಲೆಗಳಿಗೆ ಅಲ್ಲಲ್ಲಿ ಬಾಯಿ ಹಾಕಿತ್ತು. ಅಂದಿನಿಂದ ಅಕ್ಕ ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ.

ಬೆಳಿಗ್ಗೆ ಗಾಡಿ ಬಂದಾಗಲೂ ಅವಳ ಕಟ್ಟುವ ಕೆಲಸ ಮುಗಿದಿರಲಿಲ್ಲ. ಕೊಯ್ದದ್ದನ್ನು ಸವರಲು ಪುರಸೊತ್ತಾಗದೆ ಎಲೆ, ದಾರ ಸಮೇತ ಹೇರಿಕೊಂಡು ಹೊರಟೆವು. ಹಾಗೆ ಒಯ್ದದ್ದು ಅದೇ ಮೊದಲು. ದಾರಿಯುದ್ದಕ್ಕೂ ಅಕ್ಕ ನಾಚಿಕೆಯಿಂದ ತಲೆ ಎತ್ತಲಿಲ್ಲ.

"ಏನಮ್ಮಾ ಇದು ಗಂಟುಮೂಟೆ?" ಎಂದರು ಟೀಚರಮ್ಮ.

"ಬಿಚ್ಚಿ ನೋಡಿ!" ಎಂದು ಸಿಡುಕಿದಳು ಅಕ್ಕ.

ಟೀಚರಮ್ಮ ಕೆಂಪು ದಾರ ಬಿಚ್ಚಿದರು. ಅಷ್ಟೊಂದು ಹೂಕೋಸಿನಲ್ಲಿ ಅವರ ಕೈಗೆ ಸಿಕ್ಕಿದ್ದು ನನ್ನ ಕರು ಕಚ್ಚಿದ್ದು! ಹೂವೆಲ್ಲ ಬೆಳ್ಳಗೆ, ಒಂದು ಬದಿಯಲ್ಲಿ ಮಾತ್ರ ಅರ್ಧಚಂದ್ರದಂಥ ಹಳದಿ ಕಲೆ. ಟೀಚರಮ್ಮ ಎಲೆಯನ್ನು ಮತ್ತೆ ಮುಚ್ಚಿದರು. ಕರು ಕಚ್ಚಿದ ತೂತು ಸರಿಯಾಗಿ ಕಲೆಯ ಮೇಲೇ ಕೂತಿತು. ತೆರೆದರು, ಮುಚ್ಚಿದರು.

"ಅಯ್ಯೋ, ಬಿಸಿಲು ಬಿದ್ದ ಕಡೆ ಮಾತ್ರ ಹಳದಿ! ಹಾಗಾದ್ರೆ ಬಿಳುಪು ಈ ಎಲೆಯಿಂದಾನೇ ಏನಮ್ಮಾ?"

"ಮತ್ತೇನು, ನಾನು ಸುಣ್ಣ ಬಳೀತೀನಾ?"

ಟೀಚರಮ್ಮ ಗಟ್ಟಿಯಾಗಿ ನಕ್ಕು, ಬಂದವರಿಗೆಲ್ಲ ಆ ಹೂಕೋಸನ್ನು ತೆರೆದು ಮುಚ್ಚಿ ತೋರಿಸುತ್ತ ನಿಂತುಬಿಟ್ಟರು. ಬುಟ್ಟಿ ಖಾಲಿಯಾಯಿತು. ಅವತ್ತಿನಿಂದ ಅಕ್ಕ ಮಾರುವುದು ದಾರದ ಸಮೇತವೇ. ಬಿಚ್ಚುವ ಕೆಲಸ ಕೊಳ್ಳುವವರದ್ದು. ಬೆಳೆ ಪೂರ್ತಿ ಮಾರಿಹೋಯಿತು, ದನಕ್ಕೆ ಎಲೆಯೂ ಉಳಿಯಲಿಲ್ಲ. ಎಲ್ಲ ನನ್ನ ಕರುವಿನ ಪುಣ್ಯ ಎಂದು ನಾನು ಈಗಲೂ ಹೇಳುತ್ತೇನೆ, ಅಕ್ಕ ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಬೇಸಿಗೆ ಬಂತು. ಟಿವಿಯವನಿಗೆ ಕಲ್ಲಂಗಡಿ ಸಿಕ್ಕಿತು: ಕೆಂಪಗಿದ್ದರೆ ಸೂಜಿಯಿಂದ ಬಣ್ಣ ಚುಚ್ಚಿದ್ದಂತೆ! ನಾನು ಹಣ್ಣು ಹೆಚ್ಚಲು ಕೂತಿದ್ದೆ.

"ಬೇಡ ಕಣೇ, ಬಿಸಾಕು," ಎಂದಳು ಅಕ್ಕ. "ಟಿವೀಲಿ ತೋರಿಸ್ತಿದಾರೆ, ಸುಳ್ಳು ಹೇಳ್ತಾರಾ?"

ನಾನು ಅವಳ ಮುಖವನ್ನೇ ನೋಡಿದೆ. ಅಕ್ಕ ನಾಲಿಗೆ ಕಚ್ಚಿಕೊಂಡಳು. ಎದ್ದು ಟಿವಿ ಆರಿಸಿದಳು.

ಮಾರನೆಯ ದಿನ ಹಣ್ಣಿನ ತಾತನ ಮುಂದೆ ಕಲ್ಲಂಗಡಿಯ ರಾಶಿ ಹಾಗೇ ಬಿದ್ದಿತ್ತು. ತಟ್ಟಿ, ಕಿವಿಗಿಟ್ಟು, ಮತ್ತೆ ತಟ್ಟಿ, ಮಾರುವವರ ಪ್ರಾಣ ತೆಗೆಯದೆ ಹಣ್ಣು ಕೊಂಡವಳಲ್ಲ ನಮ್ಮಕ್ಕ. ಅವತ್ತು ಸೀದಾ ಹೋಗಿ ಕೈಗೆ ಸಿಕ್ಕ ದೊಡ್ಡ ಹಣ್ಣನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ತಟ್ಟಲಿಲ್ಲ.